ಯಾವ ನೀರು ಬಂತು ಇವತ್ತು?

ಬೆಂಗಳೂರಿನ ಅತ್ತಿಗುಪ್ಪೆಯ ಕಾಂಪೌಂಡ್ ಗೋಡೆಗಳಿಗೆ ಎದೆಮಟ್ಟದ ಎತ್ತರವೇ ಸಾಕು ಅಂತ ಯಾವ ಮೇಸ್ತ್ರಿ ತೀರ್ಮಾನ ಮಾಡಿದನೋ, ಪುಣ್ಯಾತ್ಮ. ಮೊಣಕೈ ಊರಿ ಮಾತಾಡಲು ಹೇಳಿ ಮಾಡಿಸಿದ ಹಾಗಿವೆ. ಮೂವತ್ತು-ನಲವತ್ತರ ಸೈಟಿನಲ್ಲಿ ಮೂರಂತಸ್ತು ಎಬ್ಬಿಸಿಕೊಂಡ ನಮಗೆ ಗಾಳಿ ಬೆಳಕು ಅಷ್ಟಕ್ಕಷ್ಟೆ. ಪಕ್ಕದ ಮನೆಯ ಮಾತಿಗೆ ಮಾತ್ರ ಬರ ಬಂದದ್ದಿಲ್ಲ. ಆ ಮಾತು ಶುರುವಾಗುವುದು "ಕಾಫಿ ಆಯ್ತಾ" ಅಂತಲ್ಲ, "ಕಾವೇರಿ ಬಂತಾ" ಅಂತ. ಕಾವೇರಿ ಬಂದಿದ್ದರೆ ತಾನೇ ಕಾಫಿ!

ಪಕ್ಕದ ಮನೆ ಮೇಷ್ಟ್ರು ಹೈಸ್ಕೂಲಿನಲ್ಲಿ ಕೆಮಿಸ್ಟ್ರಿ ಹೇಳಿ ರಿಟೈರಾದವರು. ರಿಟೈರಾಗಿದ್ದು ಶಾಲೆಯಿಂದ, ಪಾಠದಿಂದ ಅಲ್ಲ. ಅವರ ಅಕ್ಕನ ಮಗ ಒಂದು ಮೈಕ್ರೋಬ್ರೂವರಿಯಲ್ಲಿ ಬಿಯರ್ ಮಾಡುವ ಕೆಲಸದಲ್ಲಿದ್ದಾನೆ. ಈ ಸಮಾಚಾರ ಬಹಳ ಕಾಲ ನಮ್ಮ ಬೀದಿಗೆ ತಲುಪಿರಲಿಲ್ಲ. "ಫುಡ್ ಟೆಕ್ನಾಲಜಿ" ಎಂದಷ್ಟೇ ಮೇಷ್ಟ್ರ ಮನೆಯಾಕೆ ಹೇಳುತ್ತಿದ್ದರು. ಅವರನ್ನು ಬೀದಿಯವರೆಲ್ಲ ಕರೆಯುವುದು ಅಕ್ಕ ಅಂತಲೇ. ಈಗ ಹುಡುಗನಿಗೆ ಹೆಣ್ಣು ನೋಡುತ್ತಿದ್ದಾರೆ. ಹೆಣ್ಣಿನ ಕಡೆಯವರು ಕೆಲಸ ಏನು ಅಂತ ಕೇಳಿದರೆ ಅಕ್ಕನ ಉತ್ತರ ಸಿದ್ಧವಾಗಿದೆ: "ನೀರಿನ ಕ್ವಾಲಿಟಿ ನೋಡ್ಕೋತಾನೆ." ತಮಾಷೆ ಅಂದರೆ ಅದರಲ್ಲಿ ಸುಳ್ಳೇನೂ ಇಲ್ಲ. ಬಿಯರಿನಲ್ಲಿ ನೂರಕ್ಕೆ ತೊಂಬತ್ತು ಭಾಗಕ್ಕಿಂತ ಹೆಚ್ಚು ನೀರೇ. ಮಾಲ್ಟು, ಕಹಿಗೆ ಹಾಕುವ ಹಾಪ್ಸು, ಯೀಸ್ಟು ಎಲ್ಲ ಪ್ಯಾಕೆಟ್ಟಿನಲ್ಲಿ ಬರುತ್ತವೆ, ಅವುಗಳ ಮೇಲೆ ಏನೇನಿದೆ ಅಂತ ಬರೆದಿರುತ್ತದೆ. ಚೀಟಿ ಅಂಟಿಸಿಕೊಳ್ಳದೆ ಬರುವುದು ನೀರೊಂದೇ.

ಮೊನ್ನೆ ಭಾನುವಾರ ಹುಡುಗ ಮಾವನ ಮನೆಗೆ ಬಂದಿದ್ದ. ಗೋಡೆಯ ಮೇಲೆ ಮೂರು ಸ್ಟೀಲ್ ಲೋಟ ಸಾಲಾಗಿ ಕೂತಿದ್ದವು. ಒಂದರಲ್ಲಿ ಕಾವೇರಿ ನಲ್ಲಿಯಿಂದ ನೇರ ಹಿಡಿದದ್ದು, ಒಂದರಲ್ಲಿ ಬೋರ್ ನೀರು, ಇನ್ನೊಂದರಲ್ಲಿ ಅಡುಗೆಮನೆಯ ಆರ್‌ಓ ಫಿಲ್ಟರಿನದು. ಹುಡುಗ ಜೇಬಿನಿಂದ ಪೆನ್ನಿನಂಥ ಒಂದು ಮೀಟರು ತೆಗೆದು ಒಂದೊಂದಕ್ಕೂ ಅದ್ದಿ, ಅಂಗಿಗೆ ಒರೆಸಿ, ಮುಂದಿನದಕ್ಕೆ ಹೋದ. ಕಾವೇರಿ ಇನ್ನೂರರ ಆಸುಪಾಸು. ಬೋರು ಸಾವಿರಕ್ಕೆ ಸ್ವಲ್ಪ ಕಡಿಮೆ. ಆರ್‌ಓ ಮೂವತ್ತು ಚಿಲ್ಲರೆ.

"ಟಿಡಿಎಸ್ಸು," ಅಂದರು ಮೇಷ್ಟ್ರು, ಬೋರ್ಡಿನ ಮುಂದೆ ನಿಂತವರ ಹಾಗೆ ಗಂಟಲು ಸರಿಮಾಡಿಕೊಂಡು. "ಒಂದು ಲೀಟರಿನಲ್ಲಿ ಕರಗಿರೋ ಪದಾರ್ಥ ಎಷ್ಟು ಮಿಲಿಗ್ರಾಂ ಅಂತ. ಕುಡಿಯೋ ನೀರಿಗೆ ಬಿಐಎಸ್‌ನವರ ಲೆಕ್ಕ 500. ಬೇರೆ ಗತಿಯೇ ಇಲ್ಲ ಅಂದ್ರೆ 2000ದವರೆಗೂ ಬಿಡ್ತಾರೆ."

"ಮಾವ, ಈ ಪೆನ್ನು ತೂಕ ಹಾಕಲ್ಲ," ಅಂದ ಹುಡುಗ. "ನೀರಿನಲ್ಲಿ ಕರೆಂಟು ಎಷ್ಟು ಸಲೀಸಾಗಿ ಹರಿಯುತ್ತೆ ಅಂತ ನೋಡಿ ಅಂದಾಜು ಹೇಳುತ್ತೆ. ಎಷ್ಟಿದೆ ಅನ್ನೋದು ಗೊತ್ತಾಗುತ್ತೆ, ಏನಿದೆ ಅನ್ನೋದು ಗೊತ್ತಾಗಲ್ಲ. ನಮಗೆ ಬೇಕಾಗಿರೋದು ಏನಿದೆ ಅನ್ನೋದು. ಅದಕ್ಕೆ ಲ್ಯಾಬಿಗೇ ಕಳಿಸಬೇಕು."

ಕರೆಂಟು ಅಂದಕೂಡಲೆ ಮೇಷ್ಟ್ರಿಗೆ ಹಳೇ ವಿಜಯವೊಂದು ನೆನಪಾಯಿತು. ಮನೆಮನೆಗೆ ಫಿಲ್ಟರು ಮಾರಲು ಬರುವವರು ಒಂದು ಪ್ರದರ್ಶನ ಕೊಡುತ್ತಾರಲ್ಲ, ಈ ಬೀದಿಯಲ್ಲಿ ಅದನ್ನು ನೋಡದ ಮನೆಯಿಲ್ಲ. ಎರಡು ಲೋಟ, ಎರಡು ಜತೆ ಲೋಹದ ಕಡ್ಡಿ, ಒಂದು ಸ್ವಿಚ್ಚು. ಐದು ನಿಮಿಷದಲ್ಲಿ ನಲ್ಲಿ ನೀರಿನ ಲೋಟ ಕಂದು ಬಣ್ಣದ ಕೊಚ್ಚೆ. ಫಿಲ್ಟರ್ ನೀರಿನ ಲೋಟ ತಿಳಿಯಾಗಿ ಹಾಗೇ ಇರುತ್ತದೆ. "ಅಯ್ಯೋ, ಇದನ್ನಾ ನಾವು ಕುಡೀತಿದ್ದದ್ದು!" ಅಂತ ಮನೆಮಂದಿ ಎದೆ ಹಿಡಿದುಕೊಳ್ಳುವಷ್ಟರಲ್ಲಿ ಇಎಂಐ ಫಾರಂ ಹೊರಗೆ ಬಂದಿರುತ್ತದೆ. ಮೇಷ್ಟ್ರ ಮನೆಗೂ ಬಂದಿದ್ದರು. ಮೇಷ್ಟ್ರು ಪೂರ್ತಿ ನೋಡಿ, ಒಳಗೆ ಹೋಗಿ, ಒಂದು ಚಿಟಿಕೆ ಉಪ್ಪು ತಂದು ಆ ತಿಳಿನೀರಿಗೆ ಹಾಕಿ, "ಈಗ ಸ್ವಿಚ್ ಹಾಕಪ್ಪ" ಅಂದರಂತೆ. ಅದೂ ಕಂದಾಯಿತು. ಆ ಬಣ್ಣ ಕಡ್ಡಿಯ ಕಬ್ಬಿಣದ್ದು. ನೀರಿನಲ್ಲಿ ಲವಣ ಇದ್ದರೆ ಕರೆಂಟು ಹರಿಯುತ್ತದೆ, ಕಡ್ಡಿ ಕರಗುತ್ತದೆ. ಲವಣ ಇಲ್ಲದಿದ್ದರೆ ಏನೂ ಆಗುವುದಿಲ್ಲ. "ಮತ್ತೆ ಆಮೇಲೆ ಫಿಲ್ಟರ್ ತಗೊಂಡಿದ್ದು ಯಾಕೆ?" ಅಂತ ನಾನು ಕೇಳಿದ್ದಕ್ಕೆ ಮೇಷ್ಟ್ರು ಉತ್ತರ ಕೊಡದೆ ಅಕ್ಕನ ಕಡೆ ನೋಡಿದರು. ಅಕ್ಕ ಬೇಳೆ ಆರಿಸುತ್ತಿದ್ದರು, ತಲೆ ಎತ್ತಲಿಲ್ಲ.

ಹುಡುಗನಿಗೆ ಲವಣಕ್ಕಿಂತ ಮೊದಲ ತಲೆನೋವು ಕ್ಲೋರಿನ್. ಜಲಮಂಡಲಿಯವರು ಅದನ್ನು ಹಾಕುವುದು ನಮ್ಮ ಹೊಟ್ಟೆಯ ಒಳ್ಳೆಯದಕ್ಕೇ. ನಲ್ಲಿಗೆ ಬರುವಾಗ ಲೀಟರಿಗೆ 0.2 ಮಿಲಿಗ್ರಾಮಾದರೂ ಉಳಿದಿರಬೇಕು ಅಂತ ನಿಯಮ. ಆದರೆ ಅದೇ ನೀರು ಬಿಯರಿಗೆ ಹೋದರೆ ಮಾಲ್ಟಿನಲ್ಲಿರುವ ಫೀನಾಲುಗಳ ಜತೆ ಸೇರಿ ಕ್ಲೋರೋಫೀನಾಲ್ ಆಗುತ್ತದೆ. ನೂರು ಕೋಟಿಯಲ್ಲಿ ಕೆಲವೇ ಭಾಗ ಇದ್ದರೂ ನಾಲಿಗೆಗೆ ಗೊತ್ತಾಗುವ ವಸ್ತು ಅದು. ಆಸ್ಪತ್ರೆಯ ಡ್ರೆಸ್ಸಿಂಗ್ ರೂಮಿನ ವಾಸನೆ. ನಾಲ್ಕುನೂರು ರೂಪಾಯಿ ಕೊಟ್ಟು ಬ್ಯಾಂಡೇಜು ಕುಡಿಯುವವರು ಯಾರು?

"ರಾತ್ರಿ ಬಿಂದಿಗೇಲಿ ಹಿಡಿದಿಟ್ಟು ಬೆಳಿಗ್ಗೆ ಬಳಸಿದ್ರೆ ವಾಸನೆ ಹೋಗುತ್ತಪ್ಪ," ಅಂದರು ಅಕ್ಕ.

"ಹೋಗುತ್ತೆ ಅತ್ತೆ. ಕುದಿಸಿದ್ರೂ ಹೋಗುತ್ತೆ. ಸಾವಿರ ಲೀಟರಿಗೆ ಬಿಂದಿಗೆ ಎಲ್ಲಿಂದ ತರಲಿ? ಸಣ್ಣದಾಗಿ ಮಾಡೋರು ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಹಾಕ್ತಾರೆ. ನೂರು ಲೀಟರಿಗೆ ಅರ್ಧ ಗ್ರಾಮಿನಷ್ಟಿದ್ರೆ ಸಾಕು."

"ಕೆಎಂಎಸ್ಸಾ? ಅದನ್ನ ನಾವು ಸ್ಕ್ವಾಶಿಗೆ ಹಾಕ್ತಿದ್ವಲ್ಲ!" ಅಕ್ಕ ಈಗ ಬೇಳೆ ಬಿಟ್ಟು ಗೋಡೆಯ ಹತ್ತಿರ ಬಂದರು. ಬಿಯರಿನ ಮಾತಿಗೆ ಮುಖ ತಿರುಗಿಸಿದ್ದವರು ಸ್ಕ್ವಾಶಿನ ಬಾಗಿಲಿನಿಂದ ಒಳಗೆ ಬಂದ ಹಾಗಾಯಿತು.

ದೊಡ್ಡದಾಗಿ ಮಾಡುವವರು ನೆಚ್ಚುವುದು ಇದ್ದಿಲನ್ನು. ತೆಂಗಿನ ಚಿಪ್ಪನ್ನು ಸುಟ್ಟು, ಹಬೆ ಹಾಯಿಸಿ, ಒಳಗೆಲ್ಲ ಸೂಕ್ಷ್ಮ ರಂಧ್ರ ಬರುವಂತೆ ಮಾಡಿದ ಇದ್ದಿಲು. ಒಂದು ಗ್ರಾಂ ಇದ್ದಿಲಿನ ಒಳಮೈಯನ್ನು ಬಿಡಿಸಿ ಹಾಸಿದರೆ ಸಾವಿರ ಚದರ ಮೀಟರಿನಷ್ಟಾಗುತ್ತದೆ ಎಂದು ಮೇಷ್ಟ್ರು ಹೇಳಿದರು. ನಾನು ಅತ್ತಿಗುಪ್ಪೆಯ ಲೆಕ್ಕದಲ್ಲಿ ಗುಣಿಸಿದೆ. ಮೂವತ್ತು-ನಲವತ್ತರ ಸೈಟು ಎಂಟೊಂಬತ್ತು! ಚಿಟಿಕೆ ಇದ್ದಿಲಿನಲ್ಲಿ ಒಂದು ಅಡ್ಡರಸ್ತೆ. ಅಷ್ಟು ಜಾಗದಲ್ಲಿ ನೀರು ಸವರಿಕೊಂಡು ಹೋಗುವಾಗ ಕ್ಲೋರಿನ್ ಅಲ್ಲೇ ಕಳೆದುಹೋಗುತ್ತದೆ. ಆದರೆ ಇದರಲ್ಲೂ ಒಂದು ಕೊಕ್ಕೆ ಇದೆ. ಕ್ಲೋರಿನ್ ಹೋಯಿತು ಅಂದರೆ ಕಾವಲುಗಾರ ಹೋದ ಹಾಗೆಯೇ. ಆ ನೀರನ್ನು ಟ್ಯಾಂಕಿನಲ್ಲಿ ದಿನಗಟ್ಟಲೆ ಇಟ್ಟರೆ ಕ್ರಿಮಿಗಳು ಸಂಸಾರ ಹೂಡುತ್ತವೆ. ಸೋಸಿದ ಮೇಲೆ ಬೇಗ ಬಳಸಬೇಕು. ಇದ್ದಿಲನ್ನೂ ಕಾಲಕಾಲಕ್ಕೆ ಬದಲಾಯಿಸಬೇಕು. ನಮ್ಮ ಮನೆಗಳ ಫಿಲ್ಟರಿನಲ್ಲೂ ಇದೇ ಇದ್ದಿಲು ಇದೆ. ಅದನ್ನು ಕೊನೆಗೆ ಬದಲಾಯಿಸಿದ್ದು ಯಾವಾಗ ಅಂತ ನನ್ನನ್ನು ಕೇಳಬೇಡಿ, ನಿಮ್ಮ ಮನೆಯವರನ್ನು ಕೇಳಿ.

ಇನ್ನು ಗಡಸು ನೀರು. ಬೋರ್ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ಗೀಸರಿನ ಕಾಯಿಲಿಗೆ ಸುಣ್ಣ ಮೆತ್ತಿಕೊಳ್ಳುತ್ತದೆ ಎನ್ನುವುದನ್ನು ಬೆಂಗಳೂರಿನ ಹೆಣ್ಣುಮಕ್ಕಳಿಗೆ ಯಾವ ಕೆಮಿಸ್ಟ್ರಿ ಮೇಷ್ಟ್ರೂ ಹೇಳಿಕೊಡಬೇಕಾಗಿಲ್ಲ. ಬೇಳೆ ಬೇಯದಿರುವುದಕ್ಕೆ ಕಾರಣ ಕ್ಯಾಲ್ಸಿಯಂ. ಅದು ಬೇಳೆಯ ಪೆಕ್ಟಿನ್ ಜತೆ ಸೇರಿ ಅದನ್ನು ಬಿಗಿಮಾಡಿಬಿಡುತ್ತದೆ. ಬಿಯರಿನಲ್ಲಿ ಕ್ಯಾಲ್ಸಿಯಂ ಬೇಡದ್ದೇನಲ್ಲ, ಬೇಕಾದ್ದೇ. ಅದರ ಜತೆ ಬರುವ ಬೈಕಾರ್ಬನೇಟ್ ಕಿತಾಪತಿ ಮಾಡುವುದು.

ಬಿಯರ್ ಮಾಡಲು ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ನುಚ್ಚು ಮಾಡಿ ಸುಮಾರು 65 ಡಿಗ್ರಿಯ ನೀರಿನಲ್ಲಿ ಒಂದು ಗಂಟೆ ನೆನೆಸುತ್ತಾರೆ. ಮೊಳಕೆಯಲ್ಲಿ ಹುಟ್ಟಿದ ಎನ್‌ಜೈಮುಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಮಗುವಿಗೆ ರಾಗಿ ಸರಿ ಮಾಡುವ ಮನೆಗಳಲ್ಲಿ ರಾಗಿ ಮೊಳಕೆ ಕಟ್ಟುವುದೂ ಇದಕ್ಕೇ. ಮೊಳಕೆ ರಾಗಿಯ ಹಿಟ್ಟಿನ ಗಂಜಿ ಮುದ್ದೆಯಾಗದೆ ತೆಳ್ಳಗೆ ಉಳಿಯುತ್ತದೆ, ಸ್ವಲ್ಪ ಸಿಹಿಯೂ ಆಗುತ್ತದೆ. "ಹಾಗಾದ್ರೆ ಅರ್ಧ ಬಿಯರನ್ನ ನಾನು ಇವರ ಮಕ್ಕಳಿಗೆ ಕುಡಿಸಿದ್ದೀನಿ ಅನ್ನು," ಅಂದರು ಅಕ್ಕ. ಮೇಷ್ಟ್ರು ಬೀದಿಯ ಆ ತುದಿ ಈ ತುದಿ ನೋಡಿದರು, ಯಾರಾದರೂ ಕೇಳಿಸಿಕೊಂಡರಾ ಅಂತ.

ಈ ನೆನೆಸುವ ಹೊತ್ತಿನಲ್ಲಿ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 5.2ರಿಂದ 5.6ರೊಳಗೆ ಇರಬೇಕು. ಬೈಕಾರ್ಬನೇಟ್ ಜಾಸ್ತಿ ಇರುವ ನೀರು ಅದನ್ನು ಮೇಲಕ್ಕೆ ಎಳೆಯುತ್ತದೆ. ಎಳೆದರೆ ಬಾರ್ಲಿಯ ಹೊಟ್ಟಿನಲ್ಲಿರುವ ಟ್ಯಾನಿನ್ ಬಿಟ್ಟುಕೊಂಡು ಬಿಯರು ಒಗರಾಗುತ್ತದೆ. ಕುದಿಸಿ ತಣಿಸಿದರೆ ಬೈಕಾರ್ಬನೇಟು ಸುಣ್ಣದ ಕಲ್ಲಾಗಿ ತಳಕ್ಕೆ ಕೂರುತ್ತದೆ. ಬಚ್ಚಲ ಹಂಡೆಯ ಒಳಗೆ ಬೆಳ್ಳಗೆ ಪದರಪದರವಾಗಿ ಕಟ್ಟುತ್ತಿದ್ದದ್ದು ಅದೇ. ಇಲ್ಲದಿದ್ದರೆ ಲೆಕ್ಕ ಹಾಕಿ ಲ್ಯಾಕ್ಟಿಕ್ ಆಸಿಡ್ ಹಾಕುತ್ತಾರೆ. ಮೂರನೆಯ ದಾರಿಯನ್ನು ಹೇಳುವಾಗ ಮೇಷ್ಟ್ರ ಮುಖ ಅರಳಿತು. ಥಾಮಸ್ ಕ್ಲಾರ್ಕ್ ಎಂಬ ಸ್ಕಾಟ್‌ಲೆಂಡಿನ ರಸಾಯನಶಾಸ್ತ್ರಜ್ಞ 1841ರಲ್ಲಿ ಪೇಟೆಂಟ್ ಪಡೆದ ವಿಧಾನ ಅದು: ನೀರಿನ ಸುಣ್ಣ ತೆಗೆಯಲು ನೀರಿಗೆ ಇನ್ನಷ್ಟು ಸುಣ್ಣ ಹಾಕುವುದು. ಅರಳಿದ ಸುಣ್ಣ ಬೈಕಾರ್ಬನೇಟಿನ ಜತೆ ಸೇರಿ, ಎರಡೂ ಕರಗದ ಕಾರ್ಬನೇಟಾಗಿ ತಳ ಸೇರುತ್ತವೆ. ಎಸ್ಸೆಸ್ಸೆಲ್ಸಿಯಲ್ಲಿ ಇದನ್ನು ಉರುಹೊಡೆದು ಮಾರ್ಕು ತೆಗೆದುಕೊಂಡವನು ನಾನು. ನಂಬಿಕೆ ಬಂದದ್ದು ಈಗ.

ಇಷ್ಟಕ್ಕೂ ಹಿಂದಿನ ಕಾಲದಲ್ಲಿ ನೀರನ್ನು ಯಾರೂ ತಿದ್ದುತ್ತಿರಲಿಲ್ಲ. ನೀರೇ ಬಿಯರನ್ನು ತಿದ್ದುತ್ತಿತ್ತು. ಬೊಹೀಮಿಯಾದ ಪಿಲ್ಸನ್ ಪಟ್ಟಣದ ನೀರು ತೀರ ಮೆದು, ಲವಣ ಹೆಸರಿಗಷ್ಟೆ. 1842ರಲ್ಲಿ ಅಲ್ಲಿ ತಿಳಿ ಹೊಂಬಣ್ಣದ ಬಿಯರು ಹುಟ್ಟಿತು. ಇವತ್ತು ನಮ್ಮ ಬಾರುಗಳಲ್ಲಿ ಸಿಗುವ ಲಾಗರುಗಳಿಗೆಲ್ಲ ಅದು ಮುತ್ತಜ್ಜ. ಇಂಗ್ಲೆಂಡಿನ ಬರ್ಟನ್ ಊರಿನ ಬಾವಿಗಳಲ್ಲಿ ಜಿಪ್ಸಂ ಕರಗಿತ್ತು. ಅದರಿಂದ ಹಾಪ್ಸಿನ ಕಹಿ ಚೊಕ್ಕವಾಗಿ ಎದ್ದು ಬಂತು, ಅಲ್ಲಿಯ ಪೇಲ್ ಏಲ್ ಬಿಯರು ಲೋಕಪ್ರಸಿದ್ಧವಾಯಿತು. ಲಂಡನ್ನಿನ ಬಾವಿ ನೀರಿನಲ್ಲಿ ಬೈಕಾರ್ಬನೇಟ್ ಹೆಚ್ಚು. ಹುರಿದ ಕಪ್ಪು ಮಾಲ್ಟಿಗೆ ಹುಳಿಯ ಗುಣ ಇರುವುದರಿಂದ ಅದು ಈ ಕ್ಷಾರವನ್ನು ಸರಿದೂಗಿಸುತ್ತದೆ. ಹಾಗಾಗಿ ಆ ಊರಿಗೆ ಪೋರ್ಟರ್ ಎಂಬ ಕಪ್ಪು ಬಿಯರು ಒಗ್ಗಿತು. ಕೆಮಿಸ್ಟ್ರಿ ಗೊತ್ತಿಲ್ಲದ ಜನ ನಾಲಿಗೆಯನ್ನೇ ಲ್ಯಾಬು ಮಾಡಿಕೊಂಡು ಕಂಡುಕೊಂಡದ್ದು ಇದು.

"ಹಾಗಾದ್ರೆ ಬೆಂಗಳೂರಿನ ನೀರಿಗೆ ಯಾವ ಬಿಯರಪ್ಪ?" ಅಂತ ಕೇಳಿದೆ. ನಮ್ಮದೇನು ಕಡಿಮೆ ಊರೇ? 1915ರಲ್ಲಿ ಯುನೈಟೆಡ್ ಬ್ರೂವರೀಸ್ ಶುರುವಾದಾಗಿನಿಂದ ಬಿಯರಿಗೆ ಹೆಸರಾದ ಊರು. ಈಗ ಯುಬಿ ಸಿಟಿ ನಿಂತಿರುವ ಜಾಗದಲ್ಲೇ ಬ್ರೂವರಿ ಇತ್ತು. 2011ರಲ್ಲಿ 'ದ ಬಿಯರ್ ಕ್ಲಬ್' ಬಾಗಿಲು ತೆರೆದ ಮೇಲೆ ಮೈಕ್ರೋಬ್ರೂವರಿಗಳ ರಾಜಧಾನಿ ಅನ್ನಿಸಿಕೊಂಡಿದ್ದೇವೆ.

ಹುಡುಗ ನಕ್ಕ. "ಯಾವ ನೀರು ಅಂಕಲ್? ಒಂದು ನೀರು ಇದ್ರೆ ತಾನೆ?"

ಅವರ ಬ್ರೂವರಿಯಲ್ಲಿ ಮಾಡುವುದು ಇಷ್ಟು. ಬಂದ ನೀರು ಯಾವುದೇ ಇರಲಿ, ಮೊದಲು ಮರಳು, ಆಮೇಲೆ ಇದ್ದಿಲು, ಆಮೇಲೆ ಆರ್‌ಓ. ಇರುವುದನ್ನೆಲ್ಲ ಬಹುಪಾಲು ತೆಗೆದು, ರುಚಿಯೂ ಇಲ್ಲ ರೂಪವೂ ಇಲ್ಲ ಅನ್ನುವ ಸ್ಥಿತಿಗೆ ತರುತ್ತಾರೆ. ಆಮೇಲೆ ತಕ್ಕಡಿ ಹಿಡಿದು ಬೇಕಾದ್ದನ್ನು ಹಾಕುತ್ತಾರೆ. 10 ಲೀಟರಿಗೆ 1 ಗ್ರಾಂ ಜಿಪ್ಸಂ ಹಾಕಿದರೆ ಲೀಟರಿಗೆ 23 ಮಿಲಿಗ್ರಾಂ ಕ್ಯಾಲ್ಸಿಯಂ, 56 ಮಿಲಿಗ್ರಾಂ ಸಲ್ಫೇಟ್ ಸೇರುತ್ತದೆ. ಕಹಿ ಮುಂದೆ ಬರಬೇಕಾದ ಬಿಯರಿಗೆ ಜಿಪ್ಸಂ. ಬಾಯಿ ತುಂಬಿದ ಹಾಗಿರಬೇಕಾದ ಬಿಯರಿಗೆ ಕ್ಯಾಲ್ಸಿಯಂ ಕ್ಲೋರೈಡ್. ಬೆಳಿಗ್ಗೆ ಬರ್ಟನ್, ಮಧ್ಯಾಹ್ನ ಪಿಲ್ಸನ್.

ಅಕ್ಕ ಇದನ್ನೆಲ್ಲ ಕೇಳಿ ಸುಮ್ಮನಿರುವವರಲ್ಲ. "ಅಲ್ಲ ಕಣೋ, ಬೋರಿನಲ್ಲಿ ಸುಣ್ಣ ಇತ್ತು ತಾನೆ? ಅದನ್ನ ದುಡ್ಡು ಕೊಟ್ಟು ತೆಗೆದು, ದುಡ್ಡು ಕೊಟ್ಟು ಮತ್ತೆ ಹಾಕೋದಾ? ಇದಕ್ಕೆ ಓದಬೇಕಾ?"

ಅವರ ಕೋಪ ಬರೀ ದುಡ್ಡಿನದಲ್ಲ. ಮನೆಯ ಆರ್‌ಓ ಒಂದು ಲೀಟರ್ ಕೊಡುವಾಗ ಎರಡು ಮೂರು ಲೀಟರ್ ಪಕ್ಕದ ಪೈಪಿನಿಂದ ಹೊರಗೆ ಬಿಡುತ್ತದಲ್ಲ, ಆ ನೀರಿಗೆ ಅಕ್ಕ ಒಂದು ಬಕೆಟ್ಟು ಕಾಯಂ ಇಟ್ಟಿದ್ದಾರೆ. ನೆಲ ಒರೆಸಲು, ಕಕ್ಕಸಿಗೆ, ಬಾಗಿಲ ಮುಂದೆ ಹಾಕಲು ಅದೇ. ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಓ ಬೇಡ ಎಂದು 2019ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿದ್ದೂ ಈ ವ್ಯರ್ಥವನ್ನು ನೋಡಿಯೇ. ಹುಡುಗನ ಬ್ರೂವರಿಯಲ್ಲಿ ಆ ನೀರು ನೆಲ ತೊಳೆಯಲು, ಫ್ಲಶ್ಶಿಗೆ ಹೋಗುತ್ತದಂತೆ. ಒಂದು ಲೀಟರ್ ಬಿಯರಿಗೆ ನಾಲ್ಕೈದು ಲೀಟರ್ ನೀರು ಸುಲಭವಾಗಿ ಖರ್ಚಾಗುತ್ತದೆ, ಅದರಲ್ಲಿ ದೊಡ್ಡ ಪಾಲು ತೊಳೆಯುವುದಕ್ಕೇ.

"ಅತ್ತೆ, ಕಾವೇರಿ ನೀರು ದಿನಾ ಬರುತ್ತೆ ಅಂತ ಬರೆದುಕೊಟ್ರೆ ನಾಳೆನೇ ಆರ್‌ಓ ಆಫ್ ಮಾಡ್ತೀನಿ," ಅಂದ ಹುಡುಗ. "ಬೋರಿಗೆ ಹೋಲಿಸಿದ್ರೆ ಅದು ಮೆದು ನೀರು. ಇದ್ದಿಲಿನಲ್ಲಿ ಸೋಸಿ ಕ್ಲೋರಿನ್ ತೆಗೆದ್ರೆ ಎಷ್ಟೋ ತರದ ಬಿಯರಿಗೆ ಅದೇ ಸಾಕು. ಆದ್ರೆ ಇವತ್ತು ಕಾವೇರಿ, ನಾಳೆ ಬೋರು, ನಾಡಿದ್ದು ಟ್ಯಾಂಕರು. ಟ್ಯಾಂಕರಿನವನು ಒಂದಿನ ಈ ಊರಿನ ಬೋರಿಂದ ತರ್ತಾನೆ, ಇನ್ನೊಂದಿನ ಆ ಊರಿಂದ. ಒಂದರಲ್ಲಿ ಸುಣ್ಣ, ಒಂದರಲ್ಲಿ ಕಬ್ಬಿಣ, ಒಂದರಲ್ಲಿ ನೈಟ್ರೇಟು. ಎಲ್ಲ ಒಂದೇ ಸಂಪಿಗೆ. ಹೋದ ತಿಂಗಳು ಕುಡಿದ ಬಿಯರೇ ಈ ತಿಂಗಳೂ ಬೇಕು ಅಂತ ಗಿರಾಕಿ ಕೇಳ್ತಾನಲ್ಲ, ಅವನಿಗೆ ಏನು ಹೇಳಲಿ? ಅದಕ್ಕೇ ಎಲ್ಲ ಅಳಿಸಿ ಮೊದಲಿಂದ ಬರೆಯೋದು."

ಇಲ್ಲಿ ನಾನು ಮಾತು ನಿಲ್ಲಿಸಿ ಯೋಚನೆಗೆ ಬಿದ್ದೆ. ಮೂರು ಲೋಟದಲ್ಲಿ ಕಾವೇರಿ ಇನ್ನೂರು ತೋರಿಸಿತ್ತು. ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪು ಹೊಡೆದು, ಸುಮಾರು ಐನೂರು ಮೀಟರ್ ಮೇಲಕ್ಕೆ ಹತ್ತಿಸಿ ತಂದ ನೀರು ಅದು. 1974ರಿಂದ ಹೀಗೆ ಹತ್ತುತ್ತಲೇ ಇದೆ. 2024ರ ಅಕ್ಟೋಬರಿನಲ್ಲಿ ಕಾವೇರಿ ಯೋಜನೆಯ ಐದನೇ ಹಂತವೂ ಸೇರಿ ದಿನಕ್ಕೆ ಇನ್ನೂ 775 ದಶಲಕ್ಷ ಲೀಟರಿನ ಏರ್ಪಾಡಾಯಿತು. ನಮ್ಮದೇ ವೃಷಭಾವತಿ ನದಿಯನ್ನು ಮೂಗು ಮುಚ್ಚಿಕೊಂಡು ದಾಟುವ ಊರಿನವರು ನಾವು. ಇಷ್ಟು ದೂರದಿಂದ ಬಂದ ಒಳ್ಳೇ ನೀರನ್ನು ಮತ್ತೆ ಆರ್‌ಓಗೆ ಯಾಕೆ ಹಾಕುತ್ತೇವೆ? ಕಾವೇರಿ ಕೆಟ್ಟದ್ದು ಅಂತಲ್ಲ. ಸಂಪಿನಲ್ಲಿರುವುದು ಕಾವೇರಿಯೋ, ಬೋರೋ, ಟ್ಯಾಂಕರೋ, ಮೂರರ ಸಾಂಬಾರೋ ಅನ್ನುವುದು ನಮಗೇ ಗೊತ್ತಿಲ್ಲ. ಅನುಮಾನಕ್ಕೆ ಮದ್ದಿಲ್ಲ ಅನ್ನುತ್ತಾರೆ. ಬೆಂಗಳೂರಿನಲ್ಲಿ ಇದೆ, ಅಡುಗೆಮನೆಯ ಗೋಡೆಗೆ ನೇತು ಹಾಕಿದ್ದೇವೆ. ಬೇಸಿಗೆಯ ಟ್ಯಾಂಕರ್ ದಿನಗಳಿಗಾಗಿ ಕೊಂಡ ಯಂತ್ರ ಮಳೆಗಾಲದ ಕಾವೇರಿಯ ದಿನಗಳಲ್ಲೂ ಮೂರು ಪಾಲು ಚೆಲ್ಲುತ್ತಲೇ ಇರುತ್ತದೆ. ಅನುಮಾನದ ಬೆಲೆಯನ್ನೂ ನೀರಿನಲ್ಲೇ ಕಟ್ಟುತ್ತಿದ್ದೇವೆ.

2024ರ ಮಾರ್ಚಿನ ಬರವನ್ನು ಯಾರೂ ಮರೆತಿಲ್ಲ. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಅಂತ ಜಲಮಂಡಲಿ ಹೇಳಿತು. ಟ್ಯಾಂಕರಿಗೆ ಜಿಲ್ಲಾಡಳಿತ ದರ ಕಟ್ಟಿತು, ಐದು ಕಿಲೋಮೀಟರಿನೊಳಗೆ 6000 ಲೀಟರಿಗೆ 600, 12000 ಲೀಟರಿಗೆ 1000. ಎಷ್ಟು ನೀರು, ಎಷ್ಟು ದೂರ, ಎಷ್ಟು ದುಡ್ಡು ಎಲ್ಲ ಆ ಪಟ್ಟಿಯಲ್ಲಿತ್ತು. ಎಂಥ ನೀರು ಅನ್ನುವುದೇ ದರಪಟ್ಟಿಯ ವಿಷಯವಾಗಲಿಲ್ಲ.

"ಇಷ್ಟೆಲ್ಲ ಕಲಿತ ಮೇಲೆ ಮನೇಲೇ ಒಂದು ಸಣ್ಣ ಪ್ರಯೋಗ..." ಅಂತ ನಾನು ರಾಗ ಎಳೆದೆ. ಕೆಮಿಸ್ಟ್ರಿಯ ಕುತೂಹಲ, ಬೇರೇನಲ್ಲ.

"ಅಂಕಲ್, ನೀರನ್ನ ಎಷ್ಟು ಬೇಕಾದ್ರೂ ಸೋಸಿ, ಕುದಿಸಿ, ಜಿಪ್ಸಂ ಹಾಕಿ, ಯಾರೂ ಕೇಳಲ್ಲ," ಅಂದ ಹುಡುಗ. "ಅದಕ್ಕೆ ಮಾಲ್ಟು ಯೀಸ್ಟು ಬಿದ್ದ ತಕ್ಷಣ 1965ರ ಅಬಕಾರಿ ಕಾಯ್ದೆ ಬರುತ್ತೆ. ಲೈಸೆನ್ಸ್ ಇಲ್ಲದೆ ಮನೇಲಿ ಮಾಡೋ ಹಾಗಿಲ್ಲ." ಮೇಷ್ಟ್ರು ನನ್ನ ಕಡೆ ನೋಡಿದ ನೋಟದಲ್ಲಿ, ಕೇಳಿದ್ದು ನಾನೊಬ್ಬನೇ ಆದರೂ ಉತ್ತರಕ್ಕೆ ಕಾದಿದ್ದವರು ಇಬ್ಬರು ಅನ್ನುವುದು ಕಾಣುತ್ತಿತ್ತು.

ಮಾತು ಮುಗಿಯುವ ಹೊತ್ತಿಗೆ ಮೇಷ್ಟ್ರು ಒಂದು ಸಲಹೆ ಕೊಟ್ಟರು. ಬ್ರೂವರಿಗಳ ಮೆನುವಿನಲ್ಲಿ ಮಾಲ್ಟು ಯಾವ ದೇಶದ್ದು, ಹಾಪ್ಸು ಯಾವ ಊರಿನದು ಅಂತ ಬರೆಯುತ್ತಾರಲ್ಲ, ನೀರು ಯಾವುದು, ಏನು ತೆಗೆದರು, ಏನು ಹಾಕಿದರು ಅಂತಲೂ ಬರೆಯಬೇಕು ಅಂತ.

"ಬಿಯರ್ ಕುಡಿಯೋರಿಗೆ ಆಮೇಲೆ ಬರೀಲಿ," ಅಂದರು ಅಕ್ಕ. "ಮೊದಲು ಟ್ಯಾಂಕರಿನವನು ದುಡ್ಡು ಕೇಳೋಕೆ ಮುಂಚೆ, ಯಾವ ಊರಿನ ಬೋರು, ಗಡಸು ಎಷ್ಟು, ನೈಟ್ರೇಟ್ ಎಷ್ಟು ಅಂತ ಒಂದು ಚೀಟಿ ಕೊಡಲಿ. ಚೀಟಿ ನೋಡಿ ಫಿಲ್ಟರ್ ಹಾಕ್ಬೇಕೋ ಬೇಡ್ವೋ ನಾನೇ ಹೇಳ್ತೀನಿ. ಅದಕ್ಕೆ ನಿಮ್ಮ ಪೆನ್ನೂ ಬೇಡ, ಕ್ಲಾರ್ಕೂ ಬೇಡ."

ಆ ಚೀಟಿಗೆ ಸಹಿ ಹಾಕುವವರು ಯಾರು ಅನ್ನುವ ಚರ್ಚೆ ಇನ್ನೂ ನಡೆಯುತ್ತಿದೆ. ನನ್ನ ಮತ ಅಕ್ಕನಿಗೆ.